ಮಧ್ಯವರ್ತಿ ಇಲ್ಲದ ಓಲೆ

ನೀವು ಅಡುಗೆ ಮನೆಯಲ್ಲಿದ್ದೀರಿ. ಮಗಳು ಮಹಡಿಯ ಕೋಣೆಯಲ್ಲಿ ಓದುತ್ತಿದ್ದಾಳೆ. ಕೂಗಿ ಕರೆದು ಗಂಟಲು ನೋಯಿಸಿಕೊಳ್ಳುವುದೇಕೆಂದು ಮೊಬೈಲಿನಲ್ಲಿ "ಊಟಕ್ಕೆ ಬಾ" ಎಂದು ಒಂದು ಸಂದೇಶ ಹಾಕುತ್ತೀರಿ. "ಬಂದೆ ಉಮ್ಮಾ" ಎಂಬ ಉತ್ತರ ಮರುಕ್ಷಣ ಬರುತ್ತದೆ. ನಿಮ್ಮಿಬ್ಬರ ನಡುವೆ ಇರುವುದು ಹದಿನೈದು ಮೆಟ್ಟಿಲು. ಆದರೆ ಆ ಎರಡು ಮಾತು ಯಾವ ದಾರಿಯಲ್ಲಿ ಹೋಗಿ ಬಂದವು ಎಂದು ಎಂದಾದರೂ ಯೋಚಿಸಿದ್ದೀರಾ?

ಅವು ಮೆಟ್ಟಿಲು ಹತ್ತಲಿಲ್ಲ. ಊರಿನ ಟವರಿಗೆ ಹೋದವು. ಅಲ್ಲಿಂದ ಕೇಬಲ್ ಹಿಡಿದು, ಸಂದೇಶ ಸೇವೆ ನಡೆಸುವ ಕಂಪೆನಿಯ ಕಂಪ್ಯೂಟರನ್ನು ತಲುಪಿದವು. ಸರ್ವರ್ ಎಂದು ಕರೆಯುವ ಆ ಕಂಪ್ಯೂಟರ್ ಬೇರೆ ಊರಿನಲ್ಲಿರಬಹುದು, ಕಡಲಾಚೆಯ ದೇಶದಲ್ಲೂ ಇರಬಹುದು. ಮಗಳ ಮೊಬೈಲ್ ಎಲ್ಲಿದೆಯೆಂದು ಅದು ಹುಡುಕಿದ ಮೇಲೆ ನಿಮ್ಮ ಮಾತು ನಿಮ್ಮದೇ ಊರಿಗೆ ಮರಳಿ, ನಿಮ್ಮದೇ ಮನೆಯ ಮಹಡಿಗೆ ತಲುಪಿತು. ತಾಯಿ ಮಗಳ ನಡುವೆ ಮೂರನೆಯವರೊಬ್ಬರು ಇದ್ದೇ ಇದ್ದರು.

ಈ ಮೂರನೆಯವರು ನಿಂತರೆ ನಮ್ಮ ಮಾತೂ ನಿಲ್ಲುತ್ತದೆ. 2021ರ ಅಕ್ಟೋಬರ್ 4ರ ರಾತ್ರಿ ನಿಮಗೆ ನೆನಪಿರಬಹುದು. ನಮ್ಮಲ್ಲಿ ಗಂಟೆ ಒಂಬತ್ತು ದಾಟಿತ್ತು. ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತುಹೋದವು. ಸುಮಾರು ಆರು ಗಂಟೆಗಳ ಕಾಲ ಜಗತ್ತಿನ ಎಲ್ಲ ಕಡೆ ಇದೇ ಸ್ಥಿತಿ. ದೂರದ ದೇಶದಲ್ಲಿರುವ ಮಗನ ಸಂದೇಶ ಬಾರದೆ ಎಷ್ಟೋ ತಾಯಂದಿರು ಅಂದು ನಿದ್ದೆಗೆಟ್ಟಿರಬೇಕು. ಅಂದು ಯುದ್ಧವಾಗಲಿಲ್ಲ, ಚಂಡಮಾರುತ ಬೀಸಲಿಲ್ಲ. ದಿನನಿತ್ಯದ ನಿರ್ವಹಣೆ ಕೆಲಸದ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪೆನಿಯ ಕಂಪ್ಯೂಟರ್ ಕೇಂದ್ರಗಳ ನಡುವಿನ ಕೊಂಡಿ ಕಳಚಿಬಿಟ್ಟಿತ್ತು, ಅಷ್ಟೆ. ನಿಮ್ಮ ಮೊಬೈಲ್ ಸರಿ ಇತ್ತು. ಮಗನ ಮೊಬೈಲ್ ಸರಿ ಇತ್ತು. ನಡುವಿನವರು ಮಾತ್ರ ಇರಲಿಲ್ಲ.

ಹಾಗಾದರೆ ನಡುವಿನವರೇ ಇಲ್ಲದೆ ಒಂದು ಮೊಬೈಲ್ ಇನ್ನೊಂದು ಮೊಬೈಲಿಗೆ ನೇರವಾಗಿ ಸಂದೇಶ ಕೊಡಲು ಸಾಧ್ಯವಿಲ್ಲವೇ? ಈ ಪ್ರಶ್ನೆ ಹಳೆಯದು. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊಬೈಲಿನ ಒಳಗನ್ನು ಬಿಚ್ಚಿ ನೋಡುವ, ಅದರ ತಂತ್ರಾಂಶವನ್ನು ತಿದ್ದುವ ಸ್ವಾತಂತ್ರ್ಯ ಬೇಕು. ಅಂತಹ ಒಂದು ಮೊಬೈಲನ್ನು ಕೆಲವರು ಮಾಡಿಯೂ ನೋಡಿದರು. ಇಂದು ಅದರ ಕಥೆ ಹೇಳುತ್ತೇನೆ.

ತೆರೆದಿಟ್ಟ ಮೊಬೈಲ್

2006ರ ನವೆಂಬರ್‌ನಲ್ಲಿ ತೈವಾನಿನ ಎಫ್‌ಐಸಿ ಎಂಬ ಕಂಪ್ಯೂಟರ್ ಕಂಪೆನಿಯ ಆಶ್ರಯದಲ್ಲಿ ಓಪನ್‌ಮೊಕೊ ಎಂಬ ಯೋಜನೆಯ ಘೋಷಣೆಯಾಯಿತು. ಶಾನ್ ಮಾಸ್-ಪುಲ್ಟ್ಸ್ ಎಂಬವರು ಅದರ ಮುಂದಾಳು. ಆಗ ಮೊಬೈಲ್ ಎಂದರೆ ಬೀಗ ಹಾಕಿದ ಪೆಟ್ಟಿಗೆ. ಕಂಪೆನಿ ಏನು ಕೊಟ್ಟಿತೋ ಅದನ್ನೇ ಬಳಸಬೇಕು. ಹಣ ಕೊಟ್ಟು ಕೊಂಡವರು ನೀವಾದರೂ ಒಳಗೆ ಏನು ನಡೆಯುತ್ತಿದೆಯೆಂದು ಕೇಳುವಂತಿಲ್ಲ. ಓಪನ್‌ಮೊಕೊದವರು ಇದನ್ನು ತಿರುವಿ ಹಾಕಿದರು. ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಮೊಬೈಲ್ ಕಟ್ಟಿ, ಅದನ್ನು ಯಾರು ಬೇಕಾದರೂ ಓದಲಿ, ತಿದ್ದಲಿ, ಇತರರಿಗೂ ಹಂಚಲಿ ಎಂದರು.

ಅವರ ಮೊದಲ ಮೊಬೈಲಿನ ಹೆಸರು ನಿಯೊ 1973. ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮಾರ್ಟಿನ್ ಕೂಪರ್ ಎಂಬ ಇಂಜಿನಿಯರ್ ಮೊದಲ ಕರೆ ಮಾಡಿದ ವರ್ಷ 1973. ಆ ನೆನಪಿಗೆ ಈ ಹೆಸರು. 2007ರ ಜುಲೈಯಲ್ಲಿ, ತಂತ್ರಾಂಶ ಬರೆಯುವವರಿಗೆಂದು 300 ಡಾಲರ್ ಬೆಲೆಗೆ ಅದರ ಮಾರಾಟ ಆರಂಭವಾಯಿತು. ಮುಂದಿನ ವರ್ಷ ವೈಫೈ ಸೇರಿಸಿದ ಫ್ರೀರನ್ನರ್ ಬಂತು. ಅದರ ಬೆಲೆ 399 ಡಾಲರ್. ಎರಡೂವರೆ ಇಂಚಿಗಿಂತ ತುಸು ದೊಡ್ಡ ಪರದೆ, 128 ಎಂಬಿ ಸ್ಮರಣಶಕ್ತಿ. ಕ್ಯಾಮರಾ ಇರಲಿಲ್ಲ. ಆದರೆ ಅದರ ಹೊರಕವಚದ ನಕ್ಷೆಯನ್ನು ಕೂಡ ಬಚ್ಚಿಡದೆ ಎಲ್ಲರಿಗೂ ಕೊಟ್ಟಿದ್ದರು.

ಇಂತಹ ಮೊಬೈಲ್ ಕೈಗೆ ಬಂದಾಗ ಜನ ಏನೇನು ಕನಸು ಕಂಡರು! ಹೋದ ಜಾಗವನ್ನು ತಾನೇ ಗುರುತಿಸಿ ಗಂಟೆ ನಿಲ್ಲಿಸುವ ಮೊಬೈಲ್ ಬೇಕೆಂದರು. ನಮಗಾದರೆ ಮಸೀದಿಯ ಬಾಗಿಲಲ್ಲಿ ಎಷ್ಟು ಅನುಕೂಲವಾಗುತ್ತಿತ್ತು ನೋಡಿ. ಹತ್ತಿರದಲ್ಲಿರುವ ಎರಡು ಮೊಬೈಲ್‌ಗಳು ಟವರಿನ ಹಂಗಿಲ್ಲದೆ ಮಾತನಾಡಬೇಕು ಎಂಬುದು ಇನ್ನೊಂದು ಕನಸು. ಯಾರದೋ ಅಂಗಡಿಯ ಲೆಕ್ಕಕ್ಕೆ ಸಿಗದೆ ನಿಮ್ಮಿಂದ ನನಗೆ, ನನ್ನಿಂದ ನಿಮಗೆ ಸಂದೇಶ ಹೋಗಬೇಕು. ಇದನ್ನೇ ಇಂಗ್ಲಿಷ್‌ನಲ್ಲಿ ಪಿಯರ್ ಟು ಪಿಯರ್ ಎನ್ನುತ್ತಾರೆ. ಸರಿಸಮಾನರ ನಡುವಿನ ನೇರ ವ್ಯವಹಾರ ಎಂದು ನಾವು ಹೇಳಬಹುದು.

ನೇರ ಸಂದೇಶ ಹೋಗುವುದು ಹೇಗೆ?

ಗಲ್ಫಿಗೆ ಹೋದವರ ಮನೆಯ ಹಿರಿಯರನ್ನು ಕೇಳಿ. ಫೋನು ಅಪರೂಪವಾಗಿದ್ದ ಕಾಲದಲ್ಲಿ ಅಂಚೆಗೆ ಹಾಕದೆಯೂ ಕಾಗದ ಬರುತ್ತಿತ್ತು. ರಜೆಯಲ್ಲಿ ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಕೆಲವರು ಮಾತನ್ನೇ ಕ್ಯಾಸೆಟಿನಲ್ಲಿ ತುಂಬಿ ಕಳಿಸುತ್ತಿದ್ದರು. ತಂದವರು ಪೆಟ್ಟಿಗೆ ಬಿಚ್ಚಿ, "ಇಗೋ, ನಿಮ್ಮವರು ಕೊಟ್ಟದ್ದು" ಎಂದು ಮನೆಗೆ ತಲುಪಿಸುತ್ತಿದ್ದರು. ನೇರ ಸಂದೇಶದ ಸೂತ್ರವೂ ಬಹುತೇಕ ಇದೇ.

ಹತ್ತು ಮೀಟರಿನ ಆಸುಪಾಸಿನಲ್ಲಿದ್ದರೆ ಬ್ಲೂಟೂತ್ ಸಾಕು. ಅದಕ್ಕಿಂತ ದೂರವಾದರೆ ವೈಫೈ. ಇನ್ನೂ ದೂರವಾದರೆ? ನಿಮ್ಮ ಮೊಬೈಲಿನಿಂದ ನೆರೆಮನೆಯ ಮೊಬೈಲಿಗೆ, ಅಲ್ಲಿಂದ ಅದರಾಚೆಯ ಮೊಬೈಲಿಗೆ ಹೀಗೆ ಕೈಯಿಂದ ಕೈಗೆ ಸಂದೇಶ ಸಾಗಬಹುದು. ನಡುವೆ ಯಾರೂ ಸಿಗದಿದ್ದರೆ, ಆ ಕಡೆ ಹೋಗುವವರು ಸಿಗುವ ತನಕ ಅದು ಕಾಯುತ್ತದೆ.

"ನೆರೆಮನೆಯವರು ಓದಿಬಿಟ್ಟರೆ?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಒಂದು ಜಾಣ ಬೀಗವಿದೆ. ನಿಮ್ಮ ಬಳಿ ತೆರೆದ ಬೀಗಗಳ ರಾಶಿಯೇ ಇದೆ, ಎಲ್ಲಕ್ಕೂ ಒಂದೇ ಕೀಲಿಕೈ ಎಂದಿಟ್ಟುಕೊಳ್ಳಿ. ಬೀಗಗಳನ್ನು ಕಂಡವರಿಗೆಲ್ಲ ಹಂಚುತ್ತೀರಿ, ಕೀಲಿಕೈ ಮಾತ್ರ ನಿಮ್ಮ ಸೆರಗಿನಲ್ಲಿದೆ. ನಿಮಗೆ ಓಲೆ ಕಳಿಸುವವರು ಅದನ್ನು ಪೆಟ್ಟಿಗೆಯಲ್ಲಿಟ್ಟು ನಿಮ್ಮ ಬೀಗವನ್ನು ಒತ್ತಿಬಿಟ್ಟರೆ ಸಾಕು. ಮತ್ತೆ ಕಳಿಸಿದವರಿಗೂ ಅದನ್ನು ತೆರೆಯಲಾಗದು. ಹತ್ತು ಜನರ ಕೈ ದಾಟಿ ಬಂದರೂ ಅದು ತೆರೆಯುವುದು ನಿಮ್ಮ ಕೈಯಲ್ಲೇ. ಲೆಕ್ಕಶಾಸ್ತ್ರದ ಬಲದಿಂದ ಮೊಬೈಲ್ ಮಾಡುವುದು ಇದನ್ನೇ.

ವಾಟ್ಸ್‌ಆ್ಯಪ್‌ನಲ್ಲೂ 2016ರ ಏಪ್ರಿಲ್‌ನಿಂದ ಇಂತಹ ಬೀಗ ಎಲ್ಲ ಬಳಕೆದಾರರಿಗೆ ಬಂದಿದೆ. ಪೆಟ್ಟಿಗೆಯ ಒಳಗಿನ ಓಲೆಯನ್ನು ಕಂಪೆನಿ ಓದಲಾರದು. ಆದರೆ ಪೆಟ್ಟಿಗೆ ಹೊರುವವನಿಗೆ ಅದು ಯಾರಿಂದ ಯಾರಿಗೆ, ಎಷ್ಟು ಹೊತ್ತಿಗೆ, ದಿನಕ್ಕೆ ಎಷ್ಟು ಸಲ ಹೋಗುತ್ತದೆ ಎಂಬುದು ತಿಳಿಯುತ್ತದೆ. ಒಬ್ಬ ಹೆಣ್ಣುಮಗಳು ರಾತ್ರಿ ಹನ್ನೊಂದಕ್ಕೆ ವೈದ್ಯರಿಗೆ, ಆಮೇಲೆ ತಾಯಿಗೆ, ಆಮೇಲೆ ವಕೀಲರಿಗೆ ಸಂದೇಶ ಕಳಿಸಿದಳೆಂದು ತಿಳಿದರೆ ಸಾಕು. ಓಲೆ ಓದದೆಯೂ ಅವಳ ಮನೆಯ ಸಂಕಟವನ್ನು ಅರ್ಧ ಊಹಿಸಬಹುದು. ನೇರ ಸಂದೇಶದಲ್ಲಿ ಈ ಲೆಕ್ಕವೆಲ್ಲ ಒಂದೇ ಕಡೆ ಶೇಖರವಾಗುವುದಿಲ್ಲ. ಅದರ ಮುಖ್ಯ ಲಾಭ ಇದು.

ಕನಸು ಎಲ್ಲಿ ಎಡವಿತು?

ಓಪನ್‌ಮೊಕೊ ಉಳಿಯಲಿಲ್ಲ. ಮೊಬೈಲಿನ ಮೊದಲ ಕರ್ತವ್ಯ ಮಾತು. ಫ್ರೀರನ್ನರ್‌ನಲ್ಲಿ ಮಾತನಾಡಿದರೆ ಆ ತುದಿಯವರಿಗೆ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಬ್ಯಾಟರಿ ಬೇಗ ಮುಗಿಯುತ್ತಿತ್ತು. ಚಿತ್ರ ಮೂಡಿಸುವ ಚಿಪ್ ನಿಧಾನಿ. ಟವರಿನೊಡನೆ ಮಾತನಾಡುವ ಭಾಗದ ತಂತ್ರಾಂಶವಂತೂ ಇಷ್ಟೆಲ್ಲ ತೆರೆದ ಮೇಲೂ ಮುಚ್ಚಿಯೇ ಇತ್ತು. ಅಷ್ಟರಲ್ಲಿ 2007ರಲ್ಲಿ ಐಫೋನ್, 2008ರಲ್ಲಿ ಮೊದಲ ಆಂಡ್ರಾಯ್ಡ್ ಮೊಬೈಲ್ ಮಾರುಕಟ್ಟೆಗೆ ಬಂದಿದ್ದವು. 2009ರ ಏಪ್ರಿಲ್‌ನಲ್ಲಿ ಮುಂದಿನ ಮೊಬೈಲಿನ ಕೆಲಸ ಕೈಬಿಟ್ಟದ್ದಾಗಿ ಓಪನ್‌ಮೊಕೊ ತಿಳಿಸಿತು. ನೌಕರರ ಸಂಖ್ಯೆಯೂ ಇಳಿಯಿತು.

ನೇರ ಸಂದೇಶಕ್ಕೂ ತನ್ನದೇ ತೊಡಕುಗಳಿವೆ. ಸರ್ವರ್ ಹಗಲಿರುಳು ಎಚ್ಚರವಾಗಿರುತ್ತದೆ. ಮಗ ಮಲಗಿದ್ದರೂ ನಿಮ್ಮ ಸಂದೇಶವನ್ನು ಇಟ್ಟುಕೊಂಡು ಬೆಳಿಗ್ಗೆ ಕೊಡುತ್ತದೆ. ನೇರ ಸಂದೇಶಕ್ಕೆ ಇಬ್ಬರ ಮೊಬೈಲೂ ಒಂದೇ ಹೊತ್ತಿಗೆ ಎಚ್ಚರವಿರಬೇಕು, ಇಲ್ಲವೇ ನಡುವೆ ಕಾಯುವವರೊಬ್ಬರು ಬೇಕು. ಸದಾ ಎಚ್ಚರವಿದ್ದರೆ ಬ್ಯಾಟರಿ ಉಳಿಯದು. ಅದೂ ಅಲ್ಲದೆ ಮೊಬೈಲಿಗೆ ಮನೆಯ ನಂಬರಿನಂತೆ ಸ್ಥಿರವಾದ ಅಂತರ್ಜಾಲ ವಿಳಾಸ ಸಾಮಾನ್ಯವಾಗಿ ಇರುವುದಿಲ್ಲ. ಅದು ಬದಲಾಗುತ್ತಲೇ ಇರುತ್ತದೆ.

ಆದರೂ ಬೀಜ ಸಾಯಲಿಲ್ಲ. 2010ರ ಜನವರಿಯಲ್ಲಿ ಹೈಟಿಯ ಭೂಕಂಪ ಸಂಪರ್ಕ ಜಾಲವನ್ನೇ ಉರುಳಿಸಿದ್ದನ್ನು ಕಂಡು, ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾನಿಲಯದ ಪಾಲ್ ಗಾರ್ಡ್ನರ್-ಸ್ಟೀಫನ್ ಟವರಿಲ್ಲದೆ ಮೊಬೈಲಿನಿಂದ ಮೊಬೈಲಿಗೆ ಮಾತು ಸಾಗಿಸುವ ಸರ್ವಲ್ ಯೋಜನೆ ಆರಂಭಿಸಿದರು. 2018ರಲ್ಲಿ ಬ್ರಯರ್ ಎಂಬ ಆಂಡ್ರಾಯ್ಡ್ ಆ್ಯಪ್‌ನ ಮೊದಲ ಪೂರ್ಣ ಆವೃತ್ತಿ ಬಂತು. ಅದು ಅಂತರ್ಜಾಲವಿಲ್ಲದಿದ್ದರೆ ಬ್ಲೂಟೂತ್, ವೈಫೈಗಳಲ್ಲೇ ಸಂದೇಶ ದಾಟಿಸುತ್ತದೆ. ಮನೆಯಲ್ಲಿ ಬಿದ್ದಿರುವ ಹಳೆಯ ಮೊಬೈಲನ್ನು ಚಾರ್ಜಿಗೆ ಹಾಕಿಟ್ಟು ಅಂಚೆ ಪೆಟ್ಟಿಗೆಯಾಗಿ ಬಳಸುವ ಉಪಾಯವನ್ನೂ ಅದನ್ನು ರಚಿಸಿದವರು ಮುಂದೆ ತಂದರು. ಕಾಯುವವರು ಬೇಕೆಂದೆನಲ್ಲ, ಆ ಕೆಲಸ ಈ ಹಳೆಯ ಮೊಬೈಲಿಗೆ!

ಆದರೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. 2023ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಭದ್ರತೆಯ ಕಾರಣ ನೀಡಿ ನಿರ್ಬಂಧಿಸಿದ 14 ಆ್ಯಪ್‌ಗಳಲ್ಲಿ ಬ್ರಯರ್ ಕೂಡ ಸೇರಿದೆ. ಆದುದರಿಂದ ಅದನ್ನು ಹಾಕಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಮಧ್ಯವರ್ತಿ ಇಲ್ಲದ ದಾರಿಯಲ್ಲಿ ಒಳ್ಳೆಯ ಮಾತಿನಂತೆ ಸುಳ್ಳು ಸುದ್ದಿಯೂ ಸಾಗೀತು. ತಡೆಯುವವರೂ ಇಲ್ಲ, ಕೇಳುವವರೂ ಇಲ್ಲ. ಸ್ವಾತಂತ್ರ್ಯದ ಜೊತೆ ಹೊಣೆಯೂ ಬರುತ್ತದೆ.

ನಾವೇನು ಮಾಡಬಹುದು?

ಹಾಗಿದ್ದರೆ ಗೃಹಿಣಿಗೆ ಈ ಕಥೆಯಿಂದೇನು ಲಾಭ? ಲಾಭವಿದೆ. ಕೇಳುವ ಅಭ್ಯಾಸ ಬರುತ್ತದೆ. ಯಾರಾದರೂ "ಈ ಹೊಸ ಆ್ಯಪ್ ಹಾಕಿಕೊಳ್ಳಿ" ಎಂದಾಗ ಮೂರು ಪ್ರಶ್ನೆ ಕೇಳಿ. ನನ್ನ ಮಾತನ್ನು ನಡುವೆ ಇಟ್ಟುಕೊಳ್ಳುವವರು ಯಾರು? ಅದರ ತಂತ್ರಾಂಶವನ್ನು ತಿಳಿದವರು ತೆರೆದು ನೋಡಬಹುದೇ? ನಾಳೆ ಆ ಕಂಪೆನಿ ನಿಂತರೆ ನನ್ನ ಮಾತುಗಳ ಗತಿಯೇನು?

ಈಗ ಕೈಯಲ್ಲಿರುವ ಮೊಬೈಲಿನಲ್ಲೇ ಮಾಡಬಹುದಾದ ಎರಡು ಕೆಲಸಗಳಿವೆ. ಪತಿಯೋ ಮಗನೋ ರಜೆಯಲ್ಲಿ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಅವರ ಹೆಸರನ್ನು ಒತ್ತಿ ಎನ್‌ಕ್ರಿಪ್ಶನ್ ಎಂಬಲ್ಲಿಗೆ ಹೋಗಿ. ಅಲ್ಲಿ 60 ಅಂಕಿಗಳು ಕಾಣುತ್ತವೆ. ಇಬ್ಬರ ಮೊಬೈಲಿನಲ್ಲೂ ಅವು ಒಂದೇ ಆಗಿದ್ದರೆ, ನಿಮ್ಮ ಬೀಗ ಅವರದೇ ಕೈ ಸೇರಿದೆ ಎಂದರ್ಥ. ಎರಡನೆಯದು ಬ್ಯಾಕಪ್. ಸಂದೇಶಗಳ ಪ್ರತಿಯನ್ನು ಹೊರಗಿನ ಕಂಪ್ಯೂಟರಿನಲ್ಲಿ ಇಡುವಾಗ ಅದಕ್ಕೂ ಬೀಗ ಹಾಕುವ ಅವಕಾಶ 2021ರಿಂದ ಇದೆ. ಆದರೆ ಪಾಸ್‌ವರ್ಡನ್ನು ಜೋಪಾನವಾಗಿ ಬರೆದಿಡಿ. ಅದು ಮರೆತರೆ ಕಂಪೆನಿಯೂ ತೆರೆದುಕೊಡಲಾರದು.

ಕೊನೆಯ ಮಾತು. ಎಷ್ಟೇ ಗಟ್ಟಿ ಬೀಗವಿದ್ದರೂ ಓಲೆ ತಲುಪಿದ ಮೇಲೆ ಅದು ನಮ್ಮ ಕೈಯಲ್ಲಿದೆ. ಸೊಸೆ ಕಣ್ಣೀರಿನಲ್ಲಿ ಬರೆದ ನಾಲ್ಕು ಸಾಲನ್ನು, ಗೆಳತಿ ನಂಬಿ ಕಳಿಸಿದ ಒಂದು ಫೋಟೋವನ್ನು ನಾವೇ ಇನ್ನೊಂದು ಗುಂಪಿಗೆ ಫಾರ್ವರ್ಡ್ ಮಾಡಿಬಿಟ್ಟರೆ ಯಾವ ಇಂಜಿನಿಯರ್ ತಾನೇ ಏನು ಮಾಡಿಯಾನು? ಅಂದು ರಜೆಯಲ್ಲಿ ಊರಿಗೆ ಬಂದವರು ಪರರ ಕಾಗದವನ್ನು ಬಿಚ್ಚದೆ ಮನೆ ಬಾಗಿಲಿಗೆ ತಂದುಕೊಡುತ್ತಿದ್ದರು. ಅದನ್ನು ಅವರು ಅಮಾನತ್ ಎಂದು ತಿಳಿದಿದ್ದರು. ಮುಂದಿನ ಸಲ ಆ ಫಾರ್ವರ್ಡ್ ಗುರುತಿನ ಮೇಲೆ ಬೆರಳಿಡುವ ಮುನ್ನ ಅವರನ್ನೊಮ್ಮೆ ನೆನೆಯಿರಿ.