ಯಾವ ಹಪ್ಪಳ ಮನೆಯದು, ಯಾವುದು ಅಂಗಡಿಯದು

ಹಪ್ಪಳವನ್ನು ಮನೆಯಲ್ಲೇ ಮಾಡಬೇಕೋ, ಅಂಗಡಿಯಿಂದ ತಂದರೆ ಸಾಕೋ ಎಂಬ ಚರ್ಚೆ ಸಾಮಾನ್ಯವಾಗಿ ರುಚಿ, ಶುಚಿ ಎಂಬ ಎರಡು ಮಾತಿನಲ್ಲೇ ಮುಗಿದುಹೋಗುತ್ತದೆ. ಯಾವ ಹಪ್ಪಳ ಎಂದು ಕೇಳುವವರು ಕಡಿಮೆ. ಉದ್ದಿನದು, ಅಕ್ಕಿಯದು, ರಾಗಿಯದು, ಹಲಸಿನದು, ಗೆಣಸಿನದು, ಬಾಳೆಕಾಯಿಯದು ಎಂದು ಕರ್ನಾಟಕದಲ್ಲೇ ಹಲವು ಬಗೆಗಳಿವೆ. ಕರಿದ ಮೇಲೆ ಎಲ್ಲವೂ ಬಾಳೆಲೆಯ ಮೂಲೆಯೊಂದರಲ್ಲಿ ಕೂರುತ್ತವೆ. ಆದರೆ ಅವುಗಳಿಗೆ ಬೇಕಾಗುವ ಸಾಮಾನು, ಹಿಡಿಯುವ ಕೆಲಸ, ಮಾಡುವ ಕಾಲ ಬೇರೆ ಬೇರೆ. ಹಾಗಾಗಿ ಎಲ್ಲಕ್ಕೂ ಸೇರಿ ಒಂದು ತೀರ್ಪು ಕೊಡಲು ಹೊರಟರೆ ಅದು ತಪ್ಪುವುದೇ ಹೆಚ್ಚು.

ಉದ್ದಿನ ಹಪ್ಪಳ ನೋಡಲು ಸರಳ, ಮಾಡಲು ಅಲ್ಲ. ಉದ್ದಿನ ಹಿಟ್ಟಿಗೆ ಉಪ್ಪು, ಕಾಳುಮೆಣಸು, ಇಂಗಿನ ಜೊತೆಗೆ ಹಪ್ಪಳಖಾರ ಬೀಳಬೇಕು. ಈ ಖಾರ ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಕ್ಷಾರ. ಅದು ಕಡಿಮೆಯಾದರೆ ಹಪ್ಪಳ ಎಣ್ಣೆಯಲ್ಲಿ ಅರಳುವುದಿಲ್ಲ. ಹೆಚ್ಚಾದರೆ ಕೆಂಪಗಾಗಿ, ನಾಲಿಗೆಗೆ ಸಾಬೂನಿನ ಒಗರು ಹತ್ತುತ್ತದೆ. ಗಟ್ಟಿಯಾಗಿ ಕಲಸಿದ ಹಿಟ್ಟನ್ನು ಎಣ್ಣೆ ಸವರುತ್ತ ಕುಟ್ಟಬೇಕು. ಕುಟ್ಟಿದಷ್ಟೂ ಅದು ಬೆಳ್ಳಗಾಗಿ, ಎಳೆದರೆ ಹರಿಯದಂತೆ ಹದಕ್ಕೆ ಬರುತ್ತದೆ. ಆಮೇಲೆ ಉದ್ದಕ್ಕೆ ಹೊಸೆದು, ದಾರ ಸುತ್ತಿ ಎಳೆದು ತುಂಡರಿಸುವುದು ವಾಡಿಕೆ. ಚಾಕುವಿಗೆ ಅಂಟುವ ಹಿಟ್ಟು ದಾರಕ್ಕೆ ನೀಟಾಗಿ ಕತ್ತರಿಸಿ ಬೀಳುತ್ತದೆ. ಲಟ್ಟಿಸುವಾಗ ಅಂಚಿಗೂ ನಡುವಿಗೂ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಕರಿಯುವಾಗ ಅಂಚು ಸೀದು ನಡುಭಾಗ ಹಸಿಯಾಗಿ ಉಳಿಯುತ್ತದೆ. ಒಣಗಿಸುವುದಕ್ಕೂ ಲೆಕ್ಕವಿದೆ. ಸುಡುಬಿಸಿಲಿಗೆ ಇಟ್ಟರೆ ಮುರುಟಿ ಬಿರುಕು ಬಿಡುತ್ತದೆ, ಆದ್ದರಿಂದ ನೆರಳಿನಲ್ಲೋ ಎಳೆಬಿಸಿಲಿನಲ್ಲೋ ಆರಿಸುತ್ತಾರೆ. ಒಳಗೆ ತುಸು ತೇವ ಉಳಿಯಲೇಬೇಕು. ಕಾದ ಎಣ್ಣೆಗೆ ಬಿದ್ದಾಗ ಆ ತೇವವೇ ಹಬೆಯಾಗಿ ಹಪ್ಪಳವನ್ನು ಉಬ್ಬಿಸುತ್ತದೆ. ಅದೇ ತೇವ ಹೆಚ್ಚಿದರೆ ಡಬ್ಬದಲ್ಲಿ ಬೂಸ್ಟು ಹಿಡಿಯುತ್ತದೆ.

ಇಷ್ಟು ಹದಗಳನ್ನು ವರ್ಷಕ್ಕೊಮ್ಮೆ ಮಾಡುವ ಮನೆ ಸಾಧಿಸುವುದು ಕಷ್ಟ, ದಿನವೂ ಮಾಡುವ ಕೈಗೆ ಸುಲಭ. ಉದ್ದು ಒಣಧಾನ್ಯ. ವರ್ಷವಿಡೀ ಸಿಗುತ್ತದೆ, ಎಲ್ಲಿಗೆ ಬೇಕಾದರೂ ಸಾಗುತ್ತದೆ, ಕೂಡಿಟ್ಟರೆ ಕೊಳೆಯುವುದಿಲ್ಲ. ಹೀಗಿರುವಾಗ ಉದ್ದಿನ ಹಪ್ಪಳ ಮನೆ ಬಿಟ್ಟು ಅಂಗಡಿ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ, ನಷ್ಟವೂ ಹೆಚ್ಚಿಲ್ಲ.

ಅಂಗಡಿಯ ಹಪ್ಪಳವೆಂದರೆ ಯಂತ್ರದ ಹಪ್ಪಳ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ದೇಶದಲ್ಲಿ ಹೆಚ್ಚು ಹೆಸರಾದ ಲಿಜ್ಜತ್ ಪಾಪಡ್ 1959ರ ಮಾರ್ಚ್ 15ರಂದು ಮುಂಬೈಯ ಗಿರಗಾಂವ್‌ನ ಒಂದು ತಾರಸಿಯ ಮೇಲೆ ಏಳು ಹೆಂಗಸರಿಂದ, 80 ರೂಪಾಯಿ ಸಾಲದಲ್ಲಿ ಆರಂಭವಾಯಿತು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಸಂಸ್ಥೆಯ ಪೂರ್ಣ ಹೆಸರು ಶ್ರೀ ಮಹಿಳಾ ಗೃಹ ಉದ್ಯೋಗ. ಅಲ್ಲಿ ಹಿಟ್ಟು ಕಲಸುವುದು ಮಾತ್ರ ಶಾಖೆಯಲ್ಲಿ. ಸದಸ್ಯೆಯರು ಬೆಳಿಗ್ಗೆ ತಮ್ಮ ಪಾಲಿನ ಹಿಟ್ಟು ಒಯ್ದು, ಮನೆಯಲ್ಲೇ ಲಟ್ಟಿಸಿ, ಆರಿಸಿ, ಮರಳಿ ತಂದು ತೂಗಿಸಿ ಕೂಲಿ ಪಡೆಯುತ್ತಾರೆ. ಒಣಗಿಸಲು ಶುಚಿಯಾದ ಜಾಗ ಮನೆಯಲ್ಲಿರಬೇಕೆಂಬುದು ಷರತ್ತು. ಅಂಥ ಪೊಟ್ಟಣ ಕೊಳ್ಳುವವರ ಕೈಗೆ ಬರುವುದೂ ಮನೆಯಲ್ಲಿ ಕೈಯಿಂದ ಲಟ್ಟಿಸಿದ ಹಪ್ಪಳವೇ. ಲಟ್ಟಿಸಿದ ಹೆಂಗಸಿಗೆ ಅಲ್ಲಿ ದುಡ್ಡು ಸಿಗುತ್ತದೆ ಎಂಬುದಷ್ಟೇ ವ್ಯತ್ಯಾಸ, ಮತ್ತು ಅದು ಸಣ್ಣ ವ್ಯತ್ಯಾಸವಲ್ಲ.

ಹಲಸಿನ ಹಪ್ಪಳದ ಲೆಕ್ಕವೇ ಬೇರೆ. ಮಲೆನಾಡು, ಕರಾವಳಿಯ ತೋಟಗಳಲ್ಲಿ ಬೇಸಿಗೆಯ ಕೊನೆಗೆ ಒಂದೊಂದು ಮರದಲ್ಲೂ ಹತ್ತಾರು ಕಾಯಿ ಒಟ್ಟಿಗೆ ಬಲಿಯುತ್ತವೆ. ತಿನ್ನಲು ಆಗದಷ್ಟು, ಹಂಚಿದರೂ ಮುಗಿಯದಷ್ಟು. ಹಪ್ಪಳಕ್ಕೆ ಬೇಕಾದದ್ದು ಬಲಿತ, ಆದರೆ ಹಣ್ಣಾಗದ ಕಾಯಿ. ಅದರಲ್ಲೂ ಗಟ್ಟಿ ಸೊಳೆಯ ಬಕ್ಕೆ ಹಲಸಿಗೆ ಮೊದಲ ಮರ್ಯಾದೆ. ಈ ಹದ ಕೆಲವೇ ದಿನ ನಿಲ್ಲುತ್ತದೆ. ಎರಡು ದಿನ ತಡೆದರೆ ಸೊಳೆ ಸಿಹಿಯಾಗಿ ಹಪ್ಪಳ ಮೆತ್ತಗಾಗುತ್ತದೆ. ಮುಂದೆ ಮಳೆ ಹಿಡಿದರೆ ಬಿಸಿಲೂ ಇಲ್ಲ.

ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಮೇಣ ತೆಗೆದು, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಗಂಟು ಕಟ್ಟುತ್ತದೆ. ಉಪ್ಪು, ಒಣಮೆಣಸು, ಜೀರಿಗೆ ಅಥವಾ ಕೊತ್ತಂಬರಿ ಸೇರಿಸಿ ನುಣ್ಣಗಾದ ಹಿಟ್ಟನ್ನು ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಹಿಂದೆ ಬಾಳೆಲೆ ಇತ್ತು, ಈಗ ಪ್ಲಾಸ್ಟಿಕ್. ಚಾಪೆಯ ಮೇಲೆ ಹರಡಿ, ಕಾಗೆ ಬಾರದಂತೆ ಒಂದು ಕಪ್ಪು ಕೊಡೆ ಬಿಡಿಸಿಟ್ಟು, ಮಗುಚಿ ಹಾಕುತ್ತ ಎರಡು ಮೂರು ದಿನ ಬಿರುಬಿಸಿಲಲ್ಲಿ ಒಣಗಿಸಬೇಕು. ಉದ್ದಿನದಕ್ಕೆ ಶತ್ರುವಾದ ಸುಡುಬಿಸಿಲೇ ಇದಕ್ಕೆ ಆಧಾರ. ಹಪ್ಪಳಖಾರದ ಗೊಡವೆ ಇಲ್ಲ. ಕೌಶಲ ಬೇಡವೆಂದಲ್ಲ, ಆದರೆ ಇಲ್ಲಿ ಕೌಶಲಕ್ಕಿಂತ ಬೇಕಾದದ್ದು ಹತ್ತಿರದಲ್ಲೇ ಮರ, ಅಂಗಳ, ನಾಲ್ಕಾರು ಕೈ. ಹಣ್ಣಾಗಿ ಉದುರಿ ಕೊಳೆಯಲಿದ್ದ ಬೆಳೆ ಆಷಾಢದ ಮಳೆಯಲ್ಲಿ ಕಾಯಿಚೂರಿನ ಜೊತೆ ಕುರುಕಲು ಸಿಗುತ್ತದೆ ಎಂದರೆ ಅದನ್ನು ಮನೆಯಲ್ಲಿ ಮಾಡುವುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಗೆಣಸಿನ ಹಪ್ಪಳ, ಬೂದುಗುಂಬಳದ ಸಂಡಿಗೆ, ಮಜ್ಜಿಗೆ ಮೆಣಸುಗಳಿಗೂ ಇದೇ ನ್ಯಾಯ. ಅಕ್ಕಿ, ಸಬ್ಬಕ್ಕಿಯ ಹಪ್ಪಳ ಸಂಡಿಗೆಗಳು ನಡುವಿನವು. ಸಾಮಾನು ಒಣದಾದರೂ ವಿಧಾನ ಸುಲಭ, ಬಿಸಿಲು ಬೀಳುವ ತಾರಸಿಯಿದ್ದರೆ ಒಬ್ಬರೇ ಮಾಡಿಕೊಳ್ಳಬಹುದು.

ಮನೆಯ ಹಪ್ಪಳ ಅಗ್ಗ ಎಂಬ ವಾದ ಮಾತ್ರ ಪರೀಕ್ಷೆಗೆ ನಿಲ್ಲುವುದಿಲ್ಲ. ಬೇಳೆ, ಎಣ್ಣೆ, ಮೆಣಸಿನ ಬೆಲೆ ಕೂಡಿಸಿ, ಕುಟ್ಟಿದವರ, ಒತ್ತಿದವರ, ಬಿಸಿಲಲ್ಲಿ ಕೂತು ಮಗುಚಿದವರ ದಿನಗಳನ್ನು ಬಿಟ್ಟರಷ್ಟೇ ಅದು ಅಗ್ಗ. ಮೊದಲು ಈ ದುಡಿಮೆ ಮುಯ್ಯಿಯಾಗಿ ಬರುತ್ತಿತ್ತು. ಇವತ್ತು ಈ ಮನೆಗೆ ನೆರೆಯವರು ಬಂದರೆ ನಾಳೆ ಇವರು ಆ ಮನೆಗೆ ಹೋಗುತ್ತಿದ್ದರು. ಮದುವೆಗೆ ಮುನ್ನ ಹಪ್ಪಳ ಸಂಡಿಗೆ ಮಾಡುವ ದಿನವಂತೂ ಹೆಂಗಸರ ಸಣ್ಣ ಜಾತ್ರೆ. ಅದರಲ್ಲಿ ಹರಟೆ, ನಗು ಇದ್ದದ್ದು ನಿಜ. ಬೆನ್ನುನೋವು ಇದ್ದದ್ದೂ ಅಷ್ಟೇ ನಿಜ, ಆದರೆ ಹಳೆಯ ಹಪ್ಪಳವನ್ನು ನೆನೆದು ಬರೆಯುವ ಗಂಡಸರ ಬರಹಗಳಲ್ಲಿ ಅದು ಅಪರೂಪಕ್ಕೂ ಕಾಣುವುದಿಲ್ಲ. ಮುಯ್ಯಿ ನಿಂತು, ಕೆಲಸವೆಲ್ಲ ಒಬ್ಬಳ ತಲೆಗೆ ಬಂದಿರುವ ಮನೆಯಲ್ಲಿ ಮನೆಯ ಹಪ್ಪಳವೇ ಬೇಕೆಂದು ಹಟ ಹಿಡಿಯುವುದು ರುಚಿಯ ಹೆಸರಿನಲ್ಲಿ ಮಾಡುವ ದಬ್ಬಾಳಿಕೆ.

ಶುಚಿಯ ವಾದದಲ್ಲಿ ಹುರುಳಿದೆ, ಆದರೆ ಸಾಮಾನ್ಯವಾಗಿ ಹೇಳುವ ಕಡೆಯಲ್ಲಲ್ಲ. ಹಪ್ಪಳ ಕೆಡದಂತೆ ಕಾಯುವುದು ಉಪ್ಪು ಮತ್ತು ಒಣಗುವಿಕೆ, ಮನೆಯದಾದರೂ ಅಂಗಡಿಯದಾದರೂ. ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಮುಂದೆ ಎರಡೂ ಒಂದೇ. ಖಾರದ ಸೋಡಿಯಂ ಉದ್ದಿನ ಹಪ್ಪಳದಲ್ಲಿ ಇದಕ್ಕೆ ಸೇರುತ್ತದೆ. ಮನೆಯಲ್ಲಿ ಉಪ್ಪನ್ನು ತಗ್ಗಿಸಲು ಸಾಧ್ಯ, ರಕ್ತದೊತ್ತಡದವರಿಗೆ ಅದು ದೊಡ್ಡ ಅನುಕೂಲ, ಬಾಳಿಕೆ ತುಸು ಕಡಿಮೆಯಾದರೂ ಸರಿ. ಕರಿಯುವ ಬದಲು ಕೆಂಡದ ಮೇಲೆ ಸುಟ್ಟರೆ ಎಣ್ಣೆ ಉಳಿಯುತ್ತದೆ, ಉಪ್ಪು ಇದ್ದಷ್ಟೇ ಇರುತ್ತದೆ.

ಸಂಡಿಗೆಯ ವೇಷದ ಬಣ್ಣಬಣ್ಣದ ಫ್ರೈಯಮ್ಸ್ ಈ ಚರ್ಚೆಗೆ ಸೇರುವುದಿಲ್ಲ. ಅವು ಯಂತ್ರ ಒತ್ತಿ ತೆಗೆದ ಪಿಷ್ಟದ ಗುಳಿಗೆಗಳು. ತೆರಿಗೆಯೂ ಈ ಭೇದವನ್ನು ಮಾಡಿದೆ. ಯಾವ ಹೆಸರಿನದಾದರೂ ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಯಂತ್ರದಿಂದ ಒತ್ತಿದ ಕರಿಯದ ಗುಳಿಗೆಗಳಿಗೆ ಶೇ 18 ಇದ್ದ ತೆರಿಗೆಯನ್ನು ಶೇ 5ಕ್ಕೆ ಇಳಿಸಲು ಜಿಎಸ್‌ಟಿ ಮಂಡಳಿ ಒಪ್ಪಿದ್ದು 2023ರ ಜುಲೈಯಲ್ಲಿ.

ಬೆಂಗಳೂರು, ಮುಂಬೈಯ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ಹಲಸಿನ ಮರವೂ ಇಲ್ಲ, ಅಂಗಳವೂ ಇಲ್ಲ. ಅವರಿಗೆ ಉಳಿದ ದಾರಿ ಶಿರಸಿ, ಸಾಗರ, ಪುತ್ತೂರಿನ ಕಡೆಯ ಮನೆಗಳಲ್ಲಿ, ಮಹಿಳೆಯರ ಸ್ವಸಹಾಯ ಗುಂಪುಗಳಲ್ಲಿ ಮಾಡಿದ್ದನ್ನು ಹಲಸಿನ ಮೇಳದಲ್ಲೋ ಪರಿಚಯದವರ ಮೂಲಕವೋ ಕೊಳ್ಳುವುದು. ಅದರ ಬೆಲೆ ಪೊಟ್ಟಣದ ಉದ್ದಿನ ಹಪ್ಪಳಕ್ಕಿಂತ ಹೆಚ್ಚಿರುವುದು ಸಹಜ, ಏಕೆಂದರೆ ಅಲ್ಲಿ ಒರಳಿನ ಕೆಲಸಕ್ಕೂ ಬೆಲೆ ಕಟ್ಟಿರುತ್ತಾರೆ. ಕೊಳ್ಳುವಾಗ ಕಟ್ಟು ಬಿಚ್ಚಿ ಒಂದನ್ನು ಮುರಿದು ನೋಡಬೇಕು. ಚೆನ್ನಾಗಿ ಒಣಗಿದ್ದು ಟಪ್ ಎಂದು ಮುರಿಯುತ್ತದೆ, ಬಾಗಿದರೆ ತೇವ ಉಳಿದಿದೆ ಎಂದರ್ಥ. ಅಂಥದ್ದನ್ನು ಮತ್ತೊಂದು ಬಿಸಿಲು ಕಾಣಿಸಿ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಟ್ಟರೆ ಮುಂದಿನ ಹಲಸಿನ ಕಾಲದವರೆಗೂ ಕೆಡುವುದಿಲ್ಲ.