ಲಾಂಛನದ ಪ್ರಾಣಿಯೂ ಕಾಡಿನ ಪ್ರಾಣಿಯೂ

2014ನೆಯ ಇಸವಿಯಲ್ಲಿ ಬ್ರೆಜಿಲ್ ದೇಶದಲ್ಲಿ ಜರುಗಿದ ಕಾಲ್ಚೆಂಡಿನ ವಿಶ್ವಪಂದ್ಯಗಳಿಗೆ ‘ಫುಲೆಕೊ’ ಎಂಬ ಆರ್ಮಡಿಲ್ಲೊ ಲಾಂಛನವಾಗಿದ್ದುದು ವಾಚಕರಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ದೇಶದ ಈಶಾನ್ಯದಲ್ಲಿರುವ ಕಾಟಿಂಗವೆಂಬ ಒಣ ಕುರುಚಲು ಕಾಡು ಮೂರು ಪಟ್ಟೆಯ ಈ ಪ್ರಾಣಿಯ ಮುಖ್ಯ ನೆಲೆ. ಶತ್ರುವನ್ನು ಕಂಡೊಡನೆ ನಮ್ಮ ಚಿಪ್ಪುಹಂದಿಯಂತೆ ಮೈಸುತ್ತಿ ಚೆಂಡಾಗುವುದೇ ಅದರ ರಕ್ಷೆ. ಮೃಗಗಳ ಹಲ್ಲಿಗೆ ಬಗ್ಗದ ಈ ಉಪಾಯವು ಮನುಷ್ಯನ ಮುಂದೆ ಅದಕ್ಕೇ ಮುಳುವಾಗಿದೆ. ಓಡದೆ ಬಿದ್ದಿರುವ ಚೆಂಡನ್ನು ಬೇಟೆಗಾರನು ಎತ್ತಿಕೊಂಡರಾಯಿತು. ಬೇಟೆಯಿಂದಲೂ ಕಾಡಿನ ನಾಶದಿಂದಲೂ ಅದರ ಸಂತತಿ ಕ್ಷೀಣಿಸುತ್ತ ಬಂದಿದೆ.

ವಿಶ್ವಪಂದ್ಯಗಳಿಗೆ ಲಾಂಛನವಿಡುವ ಪದ್ಧತಿಯು 1966ರಲ್ಲಿ ಇಂಗ್ಲೆಂಡಿನ ‘ವಿಲ್ಲಿ’ ಎಂಬ ಸಿಂಹದಿಂದ ಮೊದಲಾಯಿತು. ಮೆಕ್ಸಿಕೊ 1970ರಲ್ಲಿ ಬಾಲಕನನ್ನೂ 1986ರಲ್ಲಿ ಮೆಣಸಿನಕಾಯಿಯನ್ನೂ, ಸ್ಪೇನ್ 1982ರಲ್ಲಿ ಕಿತ್ತಳೆಹಣ್ಣನ್ನೂ ಆರಿಸಿಕೊಂಡವು. ಇವು ಬೊಂಬೆ ಅಂಗಿಗಳ ವ್ಯಾಪಾರಕ್ಕೆ ಒದಗಿದವು. ಅದರಲ್ಲಿ ದೋಷವೇನೂ ನಮಗೆ ಕಾಣದು. ಕಿತ್ತಳೆಯ ಕುಲಕ್ಕೆ ಯಾವ ಭಯವೂ ಇರಲಿಲ್ಲ. ಫುಲೆಕೊವಿನ ಸಂಗತಿ ಹಾಗಲ್ಲ. ಕಾಲ್ಚೆಂಡು, ಪರಿಸರಶಾಸ್ತ್ರ ಎಂಬರ್ಥದ ಎರಡು ಪೋರ್ಚುಗೀಸ್ ಶಬ್ದಗಳನ್ನು ಕೂಡಿಸಿ ಆ ಹೆಸರನ್ನು ಕಟ್ಟಿದರು. 2012ರಲ್ಲಿ ಸುಮಾರು 17 ಲಕ್ಷ ಜನರು ಮತವಿತ್ತು ಅದನ್ನು ಆರಿಸಿದರು. ಅಳಿಯುವ ಪ್ರಾಣಿಯ ಮೇಲಣ ಕನಿಕರವೇ ಇಲ್ಲಿ ಸರಕಿನ ಬೆಲೆಯ ಒಂದು ಭಾಗವಾಯಿತು.

ಹೀಗಿರಲು ಆ ಪ್ರಾಣಿಗೆ ದೊರೆತುದೇನು? ಹೊಡೆಯುವ ಒಂದೊಂದು ಗೋಲಿಗೂ ಸಾವಿರ ಹೆಕ್ಟೇರು ಕಾಟಿಂಗವನ್ನು ಕಾಯ್ದಿಡಿರೆಂದು ವಿಜ್ಞಾನಿಗಳು ಫಿಫಾ ಸಂಸ್ಥೆಗೂ ಬ್ರೆಜಿಲ್ ಸರ್ಕಾರಕ್ಕೂ ಬಹಿರಂಗವಾಗಿ ಸೂಚಿಸಿದರು. ಪಂದ್ಯಗಳಲ್ಲಿ 171 ಗೋಲುಗಳಾದವು. ಲೆಕ್ಕದ ಪ್ರಕಾರ 1,71,000 ಹೆಕ್ಟೇರು ಆಗಬೇಕಿತ್ತು. ಸೂಚನೆಯು ಸೂಚನೆಯಾಗಿಯೇ ಉಳಿಯಿತು. ಈ ಪ್ರಾಣಿಯನ್ನು ಲಾಂಛನವಾಗಿಸಲು ಮೊದಲು ಹೋರಾಡಿದ ಕಾಟಿಂಗ ಸಂಘವೇ ಫಿಫಾದಿಂದ ತಕ್ಕ ನೆರವು ಬರಲಿಲ್ಲವೆಂದು ದೂರಿತು. ಸರ್ಕಾರವು 2014ರಲ್ಲಿ ಇದರ ರಕ್ಷಣೆಗೆಂದು ರಾಷ್ಟ್ರೀಯ ಕಾರ್ಯಯೋಜನೆಯೊಂದನ್ನು ಅಂಗೀಕರಿಸಿತೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಆಟ ನಡೆಸುವ ಸಂಸ್ಥೆಗೆ ಕಾಡಿನ ಗೊಡವೆಯೇಕೆಂದು ಕೇಳುವವರುಂಟು. ಆ ಗೊಡವೆಯನ್ನು ಹೆಸರಿನಲ್ಲಿಯೇ ಹೊತ್ತು ಮಾರುಕಟ್ಟೆಗೆ ಬಂದವರು ಯಾರೆಂದು ನಾವು ಅವರನ್ನು ಕೇಳುತ್ತೇವೆ.

ಈ ಮಾತು ನಮ್ಮ ದೇಶಕ್ಕೆ ದೂರದ್ದಲ್ಲ. 17 ವರ್ಷದೊಳಗಿನವರ ವಿಶ್ವಪಂದ್ಯಗಳು 2017ರಲ್ಲಿ ಭಾರತದಲ್ಲಿ ನಡೆದಾಗ ಈಶಾನ್ಯದ ಕಾಡುಗಳ ಮೋಡಚಿರತೆಯೂ, 2022ರಲ್ಲಿ ಬಾಲಿಕೆಯರ ಪಂದ್ಯಗಳಿಗೆ ‘ಇಭಾ’ ಎಂಬ ಸಿಂಹಿಣಿಯೂ ಲಾಂಛನಗಳಾದವು. (ಇಭವೆಂದರೆ ಆನೆಯೆಂದು ಬಲ್ಲ ಹಳಗನ್ನಡದ ಓದುಗರು ಈ ಹೆಸರಿಗೆ ನಕ್ಕಿರಬೇಕು, ಅದನ್ನು ಖಾಸಿ ಭಾಷೆಯಿಂದ ಎತ್ತಿಕೊಂಡರಂತೆ.) ಮುಂದೆ ಇಂತಹ ಪ್ರಸಂಗ ಬಂದಾಗ, ಮಾರಾಟದ ಉತ್ಪತ್ತಿಯಲ್ಲಿ ಆ ಪ್ರಾಣಿಯ ಕಾಡಿಗೆ ಸಲ್ಲಬೇಕಾದ ಪಾಲನ್ನು ಚಿತ್ರ ಬರೆಸುವ ಮೊದಲೇ ಕರಾರಿನಲ್ಲಿ ನಮೂದಿಸುವಂತೆ ಸರ್ಕಾರವು ಕೇಳಬೇಕು. ಆಟ ಮುಗಿದ ಮೇಲೆ ಕೇಳಿದವರಿಗೆ ದೊರೆತ ಉತ್ತರವನ್ನು ಬ್ರೆಜಿಲಿನಲ್ಲಿ ನೋಡಿದ್ದೇವೆ.