ಎಂಟು ತುಂಬಿದ ಮಗುವಿಗೆ ಮನೆ

ದತ್ತು ಪಡೆಯಬೇಕೆಂದು ಹೊರಟ ದಂಪತಿಯ ಕಿವಿಗೆ ಮೊದಲು ಬೀಳುವ ಮಾತು, 'ಮೂರೂವರೆ ವರ್ಷ ಕಾಯಬೇಕಾದೀತು' ಎಂಬುದು. ಅದು ಸುಳ್ಳಲ್ಲ. 2025ರ ಮಧ್ಯಭಾಗದ ಹೊತ್ತಿಗೆ ಕೇಂದ್ರ ದತ್ತು ಪ್ರಾಧಿಕಾರ 'ಕಾರಾ'ದಲ್ಲಿ ಹೆಸರು ಬರೆಸಿ ಕಾಯುತ್ತಿದ್ದವರು 36 ಸಾವಿರಕ್ಕೂ ಹೆಚ್ಚು. ಕಾನೂನಿನ ಪ್ರಕಾರ ದತ್ತು ಕೊಡಬಹುದಾಗಿದ್ದ ಮಕ್ಕಳು 2,600ರ ಆಸುಪಾಸು. ಲೆಕ್ಕ ನೋಡಿದರೆ ಒಂದೊಂದು ಮಗುವಿಗೂ ಹದಿಮೂರು ಮನೆಗಳು ಬಾಗಿಲು ತೆರೆದು ನಿಂತಂತೆ ಕಾಣುತ್ತದೆ. ಹೀಗಿದ್ದೂ ಆ ಮಕ್ಕಳಲ್ಲಿ ದೊಡ್ಡದೊಂದು ಪಾಲನ್ನು ಯಾರೂ ಕೇಳುತ್ತಿಲ್ಲ.

ಸಾಲಿನಲ್ಲಿರುವ ಹೆಚ್ಚಿನವರು ಎದುರುನೋಡುವುದು ಎರಡು ವರ್ಷದೊಳಗಿನ, ಆರೋಗ್ಯವಾಗಿರುವ ಕೂಸನ್ನು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಮಗುವಿನ ಮೊದಲ ತೊದಲು, ಮೊದಲ ಹೆಜ್ಜೆ ತಮ್ಮ ಮನೆಯಲ್ಲೇ ಆಗಲಿ ಎಂದು ಯಾರಿಗೆ ತಾನೇ ಅನಿಸುವುದಿಲ್ಲ? ಮಗುವಿಗೆ ಐದು ದಾಟಿ, ವೈದ್ಯಕೀಯ ವರದಿಯಲ್ಲಿ ಒಂದು ಕಾಯಿಲೆಯ ಹೆಸರೂ ಇದ್ದುಬಿಟ್ಟರೆ ಮಾತ್ರ ಕಾಯುವ ಸರದಿ ಮಗುವಿನದಾಗುತ್ತದೆ. ಮನೆ ಸಿಗುವುದು ಕಷ್ಟವಾದ ಇಂಥ ಮಕ್ಕಳನ್ನು ಕಾರಾ ಬೇರೆಯೇ ವರ್ಗವಾಗಿ ಗುರುತಿಸುತ್ತದೆ. ಇವರನ್ನು ಬಯಸುವವರು ಉದ್ದನೆಯ ಜ್ಯೇಷ್ಠತಾ ಪಟ್ಟಿಯಲ್ಲಿ ವರ್ಷಗಟ್ಟಲೆ ನಿಲ್ಲಬೇಕಾಗಿಲ್ಲ. ಆದರೂ ಕೇಳಿ ಬರುವವರು ಕಡಿಮೆ.

ದೊಡ್ಡ ಮಕ್ಕಳು ಈ ಪಟ್ಟಿಗೆ ಬಂದು ಸೇರುವ ದಾರಿಯೇ ದೂರದ್ದು. ಬಾಲಮಂದಿರದಲ್ಲಿ ಇರುವವರೆಲ್ಲ ಅನಾಥರು ಎಂದು ನಾವು ತಿಳಿದಿರುತ್ತೇವೆ. ಅವರಲ್ಲಿ ಅನೇಕರಿಗೆ ತಾಯಿ ಇದ್ದಾಳೆ, ಅಜ್ಜಿ ಇದ್ದಾಳೆ, ಎಲ್ಲೋ ಜೈಲಿನಲ್ಲಿ ತಂದೆ ಇದ್ದಾನೆ. ಸಂಬಂಧವಿರುವ ಮಗುವನ್ನು ಇನ್ನೊಬ್ಬರ ಮಡಿಲಿಗೆ ಹಾಕಲು ಬರುವುದಿಲ್ಲ, ಹಾಕಲೂ ಬಾರದು. 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಹೆತ್ತವರನ್ನು ಹುಡುಕಿಸಬೇಕು. ಸಿಗದಿದ್ದರೆ, ಎರಡು ವರ್ಷದವರೆಗಿನ ಮಗುವನ್ನು ಎರಡು ತಿಂಗಳೊಳಗೆ, ಅದಕ್ಕಿಂತ ದೊಡ್ಡದನ್ನು ನಾಲ್ಕು ತಿಂಗಳೊಳಗೆ, ದತ್ತು ಕೊಡಲು ಮುಕ್ತ ಎಂದು ಘೋಷಿಸಬೇಕು. ಆದರೆ ವರ್ಷಕ್ಕೊಮ್ಮೆ ದೂರದ ಮಾವನೊಬ್ಬ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು ಹೋದರೆ ಸಾಕು, ಫೈಲು ನಿಂತ ಕಡೆಯೇ ನಿಲ್ಲಬಹುದು. ಯಾರೂ ನೋಡಲು ಬಾರದ ಮಕ್ಕಳನ್ನೂ, ಸಾಕುವ ಸ್ಥಿತಿಯಲ್ಲೇ ಇಲ್ಲದ ಪಾಲಕರ ಮಕ್ಕಳನ್ನೂ ದತ್ತು ಪ್ರಕ್ರಿಯೆಗೆ ತರಬೇಕೆಂದು ಕಾರಾ ಈಚಿನ ವರ್ಷಗಳಲ್ಲಿ ಒತ್ತಾಯಿಸುತ್ತಿದೆ. ಒಳ್ಳೆಯ ಕೆಲಸ. ಅಷ್ಟರಲ್ಲಿ ನಾಲ್ಕು ವರ್ಷಕ್ಕೆ ಬಾಲಮಂದಿರ ಸೇರಿದ ಹುಡುಗಿಗೆ ಒಂಬತ್ತು ತುಂಬಿರುತ್ತದೆ. ಅವಳಿಗೊಬ್ಬ ತಮ್ಮನಿದ್ದರೆ ಇಬ್ಬರನ್ನೂ ಒಟ್ಟಿಗೆ ಕರೆದುಕೊಳ್ಳುವ ಮನೆ ಸಿಗಬೇಕು.

'ವಿಶೇಷ ಅಗತ್ಯದ ಮಗು' ಎಂಬ ಹೆಸರನ್ನೂ ಬಿಡಿಸಿ ನೋಡಬೇಕು. ಕೇಳಿದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಗಾಲಿಕುರ್ಚಿ. ಈ ಒಂದೇ ಹೆಸರಿನಡಿ ಹೊಲಿಗೆ ಹಾಕಿ ಸರಿಪಡಿಸಿದ ಸೀಳುತುಟಿಯೂ ಬರುತ್ತದೆ, ಜೀವನಪರ್ಯಂತ ಇನ್ನೊಬ್ಬರು ಊಟ ಮಾಡಿಸಬೇಕಾದ ಸೆರೆಬ್ರಲ್ ಪಾಲ್ಸಿಯೂ ಬರುತ್ತದೆ. ಹೃದಯದಲ್ಲಿ ರಂಧ್ರವಿದ್ದು ಶಸ್ತ್ರಚಿಕಿತ್ಸೆ ಮುಗಿಸಿದ ಮಗು, ಕಿವಿ ಮಂದವಾದ ಮಗು, ರಕ್ತ ಹಾಕಿಸಿಕೊಳ್ಳುತ್ತಲೇ ಇರಬೇಕಾದ ಥಲಸ್ಸೇಮಿಯಾದ ಮಗು, ಡೌನ್ ಸಿಂಡ್ರೋಮ್‌ನ ಮಗು, ಎಲ್ಲರ ಮೇಲೂ ಅದೇ ಚೀಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ ವೈಕಲ್ಯಗಳೇ 21. ಇವನ್ನೆಲ್ಲ ಒಂದೇ ಭಯದಿಂದ ನೋಡಿದರೆ ಸುಲಭವಾಗಿ ಸಾಕಬಹುದಾದ ಮಗುವೂ ಕೈತಪ್ಪುತ್ತದೆ. ಕಷ್ಟದ್ದನ್ನು ಸುಲಭವೆಂದು ಒಪ್ಪಿಕೊಂಡವರು ಆಮೇಲೆ ಕುಸಿಯುತ್ತಾರೆ.

ಎಚ್‌ಐವಿ ಇರುವ ಮಗುವಿನ ವಿಷಯವನ್ನೇ ನೋಡಿ. ಔಷಧಿ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಸೋಂಕು ತಗಲುವುದಿಲ್ಲ. ಮಾತ್ರೆ ತಪ್ಪದೆ ನುಂಗುವ ಮಗು ಶಾಲೆಗೆ ಹೋಗುತ್ತದೆ, ಆಡುತ್ತದೆ, ಬೆಳೆದು ದುಡಿಯುತ್ತದೆ. ಅಂಥ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ನಿರಾಕರಿಸುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆ. ಮನೆಯವರು ಪ್ರತಿದಿನ ಮಾಡಬೇಕಾದ್ದು ಗಡಿಯಾರ ನೋಡಿ ಮಾತ್ರೆ ಕೊಡುವುದು, ಆಮೇಲೆ ನೆಂಟರ ಬಾಯಿಗೆ ಅಂಜದಿರುವುದು. ಎರಡನೆಯದೇ ಹೆಚ್ಚು ಕಷ್ಟ.

ಇನ್ನೊಂದು ಪದ ವರದಿಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ: 'ಬೆಳವಣಿಗೆಯಲ್ಲಿ ವಿಳಂಬ'. ಓದಿದವರು ಬುದ್ಧಿಮಾಂದ್ಯತೆ ಎಂದುಕೊಂಡು ಪುಟ ಮಗುಚುತ್ತಾರೆ. ಕೆಲವು ಮಕ್ಕಳಲ್ಲಿ ಅದು ನಿಜವೂ ಹೌದು. ಆದರೆ ಹತ್ತಾರು ಮಕ್ಕಳಿಗೆ ಮೂವರು ಆಯಾಗಳಿರುವ ಕಡೆ ಬೆಳೆದ ಮಗುವಿನ ಮಾತು ತಡವಾಗುವುದಕ್ಕೆ ಮಿದುಳಿನ ದೋಷವೇ ಬೇಕಾಗಿಲ್ಲ. ಆ ಒಂದು ಮಗುವಿನ ಜೊತೆಗೇ ಕೂತು ಯಾರೂ ಮಾತಾಡಿಲ್ಲ, ಅಷ್ಟೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ದೀರ್ಘ ಅಧ್ಯಯನವೊಂದು ಅನಾಥಾಲಯದಲ್ಲೇ ಉಳಿದ ಮಕ್ಕಳನ್ನೂ ಸಾಕುಮನೆಗಳಿಗೆ ಹೋದ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಮನೆ ಸೇರಿದವರು ಮಾತಿನಲ್ಲಿ, ಬುದ್ಧಿಯಲ್ಲಿ, ಬಾಂಧವ್ಯದಲ್ಲಿ ಚೇತರಿಸಿಕೊಂಡರು. ಬೇಗ ಹೋದವರು ಹೆಚ್ಚು. ತಡವಾಗಿ ಹೋದ ಮಗು ಅಷ್ಟು ಚೇತರಿಸಿಕೊಳ್ಳಲಾರದು ಎಂಬುದನ್ನೂ ಇದರಿಂದ ಒಪ್ಪಿಕೊಳ್ಳಬೇಕು. ಫೈಲು ಒಂದು ತಿಂಗಳು ತಡವಾದರೂ ನಷ್ಟ ಮಗುವಿನದೇ ಎಂದು ನಾನು ಹೇಳುವುದು ಇದಕ್ಕೇ.

ಮನೆಗೆ ಬಂದ ಮೊದಲ ತಿಂಗಳುಗಳ ಬಗ್ಗೆ ದತ್ತು ತಂದೆತಾಯಿಗಳಿಗೆ ಯಾರಾದರೂ ಕೂಡಿಸಿಕೊಂಡು ಹೇಳಬೇಕು. ಎಂಟು ವರ್ಷದ ಹುಡುಗ ಚಪಾತಿಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು. ಹೊಟ್ಟೆ ತುಂಬಿದ ಮೇಲೂ ತಿಂದು ವಾಂತಿ ಮಾಡಿಕೊಳ್ಳಬಹುದು. ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳಬಹುದು, ಅಂಗಡಿಯಲ್ಲಿ ದುಡ್ಡು ಕೊಟ್ಟು ಸಾಮಾನು ತರುವುದು ಗೊತ್ತಿಲ್ಲದೆ ಬೆಪ್ಪಾಗಿ ನಿಲ್ಲಬಹುದು. ಜಾರ್ಖಂಡಿನಿಂದಲೋ ಒಡಿಶಾದಿಂದಲೋ ಬಂದವನಾದರೆ ಮನೆಯ ಕನ್ನಡ ಅವನಿಗೆ ತಿಳಿಯದು. ಮೊದಲ ವಾರ ಎಲ್ಲಕ್ಕೂ ತಲೆಯಾಡಿಸಿ, ತಿಂಗಳ ನಂತರ ಇದ್ದಕ್ಕಿದ್ದಂತೆ ಬಾಗಿಲು ಒದ್ದು, 'ನನ್ನನ್ನು ವಾಪಸ್ ಬಿಟ್ಟುಬನ್ನಿ' ಎಂದು ಕೂಗಬಹುದು. ಇವರೂ ನನ್ನನ್ನು ಬಿಡುತ್ತಾರಾ ಎಂದು ಅವನು ಪರೀಕ್ಷಿಸುತ್ತಿರುತ್ತಾನೆ. ಮೊದಲೇ ಗೊತ್ತಿದ್ದ ತಾಯಿ ದಿಂಬಿನ ಕೆಳಗಿನ ಚಪಾತಿ ತೆಗೆದು, ಅವನ ಕೈಗೆಟುಕುವ ಡಬ್ಬಿಯಲ್ಲಿ ಚಕ್ಕುಲಿ ತುಂಬಿಸಿಟ್ಟು, 'ಇದು ನಿಂದೇ ಕಣೋ, ಯಾವಾಗ ಬೇಕಾದರೂ ತಗೋ' ಎನ್ನುತ್ತಾಳೆ. ಗೊತ್ತಿಲ್ಲದವಳು 'ಕಳ್ಳತನ ಕಲಿತು ಬಂದಿದೆ' ಎಂದು ಕಂಗಾಲಾಗುತ್ತಾಳೆ.

ಕರುಣೆ ಉಕ್ಕಿಸುವ ಜಾಹೀರಾತುಗಳಿಂದ ಈ ಮಕ್ಕಳಿಗೆ ಮನೆ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪುಣ್ಯ ಬರುತ್ತದೆಂದು ಕರೆದುಕೊಂಡು ಬಂದವರ ಸಹನೆ ಮೊದಲ ಆರು ತಿಂಗಳಲ್ಲೇ ಬತ್ತಬಹುದು. 2017ರಿಂದ 2019ರ ನಡುವೆ ದತ್ತು ಹೋದ ಮಕ್ಕಳಲ್ಲಿ ನೂರಕ್ಕೆ ಸುಮಾರು ನಾಲ್ವರು ಸಂಸ್ಥೆಗೆ ವಾಪಸಾದರು ಎಂದು ಮಾಹಿತಿ ಹಕ್ಕಿನಡಿ ಸಿಕ್ಕ ಅಂಕಿಅಂಶ ಹೇಳುತ್ತದೆ. ದೊಡ್ಡ ಮಕ್ಕಳೂ ವಿಶೇಷ ಅಗತ್ಯದವರೂ ಅವರಲ್ಲಿ ಬಹಳ. ಎರಡನೇ ಬಾರಿ ಬಿಟ್ಟುಹೋದ ಮಗು ಮೂರನೆಯ ಮನೆಯನ್ನು ಹೇಗೆ ನಂಬೀತು? ಆದ್ದರಿಂದ ಮುಚ್ಚಿಡದೆ ಎಲ್ಲ ಹೇಳಿ ಕೊಡಬೇಕು, ಕೊಟ್ಟ ಮೇಲೂ ಜೊತೆಗಿರಬೇಕು. ನಿಯಮದಂತೆ ಎರಡು ವರ್ಷ, ಆರು ತಿಂಗಳಿಗೊಮ್ಮೆ, ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ. ರಾತ್ರಿ ಹನ್ನೊಂದಕ್ಕೆ ಮಗು ಗೋಡೆಗೆ ತಲೆ ಚಚ್ಚಿಕೊಳ್ಳುವಾಗ ತಾಯಿಗೆ ಬೇಕಾದದ್ದು ಫೋನಿನಲ್ಲಿ ಸಿಗುವ ಒಬ್ಬ ಅನುಭವಿ ಮನುಷ್ಯ. ಅದು ನಿಯಮದಲ್ಲಿಲ್ಲ.

ರಜೆಯ ವಿಷಯದಲ್ಲಂತೂ ಕಾನೂನೇ ಈ ಮಕ್ಕಳನ್ನು ಮರೆತಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ದತ್ತು ತಾಯಿಗೆ 12 ವಾರಗಳ ಹೆರಿಗೆ ರಜೆ ಕೊಟ್ಟಿತು, ಮಗು ಮೂರು ತಿಂಗಳೊಳಗಿನದಾಗಿದ್ದರೆ ಮಾತ್ರ. ಹೆತ್ತವರು ಒಪ್ಪಿಸಿದ ಮಗುವಿನ ವಿಷಯದಲ್ಲಿ ಅವರ ಮನಸ್ಸು ಬದಲಾಗಲೆಂದೇ ಕಾನೂನು 60 ದಿನ ಕಾಯುತ್ತದೆ; ಬಿಟ್ಟುಹೋದ ಮಗುವಿನ ಹೆತ್ತವರ ಹುಡುಕಾಟಕ್ಕೂ ಎರಡು ತಿಂಗಳು ಹಿಡಿಯುತ್ತದೆ. ಉಳಿದ ಕಾಗದಪತ್ರ ಮುಗಿಯುವಾಗ ಕೂಸಿಗೇ ಮೂರು ತಿಂಗಳು ದಾಟಿರುತ್ತದೆ. ಒಂಬತ್ತು ವರ್ಷದ, ಮಾತು ಬಾರದ ಮಗುವನ್ನು ತಂದ ತಾಯಿಯ ಗತಿ ಏನು? ಈ ಷರತ್ತನ್ನು ಪ್ರಶ್ನಿಸಿ, ಅಕ್ಕ-ತಮ್ಮ ಇಬ್ಬರನ್ನು ದತ್ತು ಪಡೆದ ತಾಯಿಯೊಬ್ಬರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. ದೊಡ್ಡ ಮಗುವಿಗೆ ತಾಯಿಯ ಸಮಯ ಕೂಸಿಗಿಂತ ಕಡಿಮೆ ಬೇಕು ಎಂದು ಯಾವ ಅನುಭವಿಯೂ ಹೇಳಲಾರ.

ಭಾರತದ ವಿಶೇಷ ಅಗತ್ಯದ ಮಕ್ಕಳಲ್ಲಿ ಬಹುಪಾಲು ಹೋಗುತ್ತಿರುವುದು ವಿದೇಶಿ ಮನೆಗಳಿಗೆ: ಅಮೆರಿಕ, ಇಟಲಿ, ಸ್ಪೇನ್, ಮಾಲ್ಟಾ. ಆ ಕುಟುಂಬಗಳಿಗೆ ನಾನು ಕೃತಜ್ಞ. ಅಲ್ಲಿ ಮಗುವಿನ ಚಿಕಿತ್ಸೆ, ಥೆರಪಿ, ಶಾಲೆ ಒಂದಕ್ಕೊಂದು ಹೊಂದಿಕೊಂಡಿವೆ. ಇಲ್ಲಿ ತಾಯಿ ಒಂದೊಂದಕ್ಕೂ ಒಂದೊಂದು ಕಚೇರಿಗೆ ಅಲೆಯಬೇಕು. ಇರುವ ಅನುಕೂಲಗಳಾದರೂ ಜನರಿಗೆ ಗೊತ್ತಾಗಲಿ. ಕಿವಿ ಕೇಳದ, ಮಾತು ತಡವಾದ ಮಗುವಿಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ವಿಮೆ ಕೊಡುತ್ತದೆ.

ಯಾರು ಮುಂದೆ ಬರಬಹುದು? ನಾವು ಎಣಿಸುವುದಕ್ಕಿಂತ ಹೆಚ್ಚು ಜನ. 2022ರ ದತ್ತು ನಿಯಮಗಳಲ್ಲಿ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ವಯಸ್ಸು ಕೂಡಿದರೆ 85 ಮೀರಬಾರದು. ಎಂಟು ದಾಟಿದ ಮಗುವಿಗೆ 110ರವರೆಗೆ ಅವಕಾಶ. ಅಂದರೆ ಐವತ್ತೈದರ ಗಂಡಹೆಂಡಿರೂ ಹನ್ನೆರಡು ವರ್ಷದ ಮಗುವಿಗೆ ಅಪ್ಪ ಅಮ್ಮ ಆಗಬಹುದು. ಒಬ್ಬರೇ ಇರುವವರಿಗೆ 55ರ ಮಿತಿ. ಗಂಡಸು ಒಬ್ಬನೇ ಆದರೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಈಗಾಗಲೇ ಎರಡು ಮಕ್ಕಳಿರುವವರಿಗೆ ಕೂಸು ಸಿಗದು, ಈ ಮಕ್ಕಳು ಸಿಗುತ್ತಾರೆ. ಐದು ತುಂಬಿದ ಮಗುವಿನ ಒಪ್ಪಿಗೆಯೂ ಬೇಕು. 2022ರ ಸೆಪ್ಟೆಂಬರ್‌ನಿಂದ ಕೊನೆಯ ಆದೇಶ ಕೊಡುವವರು ಜಿಲ್ಲಾಧಿಕಾರಿ.

ಪೂರ್ತಿ ಧೈರ್ಯ ಬಾರದವರಿಗೆ ಇನ್ನೊಂದು ದಾರಿ ಇದೆ, ಸಾಕುಪೋಷಣೆ. 2024ರ ಮಾದರಿ ಮಾರ್ಗಸೂಚಿಯಂತೆ ಆರು ವರ್ಷ ಮೀರಿದ ಮಗುವನ್ನು, ಮದುವೆಯಾಗದವರೂ ಸೇರಿ, ಮನೆಯಲ್ಲಿಟ್ಟು ಸಾಕಬಹುದು. ಎರಡು ವರ್ಷ ಹೊಂದಿಕೊಂಡು ಬಾಳಿದರೆ ದತ್ತು ಕೇಳಬಹುದು. ಮೊದಲು ಐದು ವರ್ಷ ಬೇಕಿತ್ತು. ಮಿಷನ್ ವಾತ್ಸಲ್ಯದಿಂದ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ನೆರವೂ ಉಂಟು. ವಿಚಾರಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಹೋದಾಗ ರೋಗದ ಹೆಸರಿಗೆ ಹೆದರಿ ಎದ್ದುಬರಬೇಡಿ. ಮಗು ಬೆಳಿಗ್ಗೆ ತಾನೇ ಏಳುತ್ತದೆಯೇ, ಯಾರ ಜೊತೆ ಆಡುತ್ತದೆ, ಯಾವುದಕ್ಕೆ ಹೆದರುತ್ತದೆ, ವರ್ಷಕ್ಕೆ ಎಷ್ಟು ಬಾರಿ ಆಸ್ಪತ್ರೆ, ಮುಂದಿನ ಐದು ವರ್ಷಕ್ಕೆ ವೈದ್ಯರು ಏನು ಹೇಳುತ್ತಾರೆ ಎಂದು ಕೇಳಿ. ವರದಿ ಹಳೆಯದಾಗಿದ್ದರೆ ನಿಮ್ಮ ವೈದ್ಯರಿಗೂ ತೋರಿಸಿ. ಕೈಲಾಗದು ಅನಿಸಿದರೆ ಆಗಲೇ ಹೇಳಿಬಿಡುವುದು ಮಗುವಿಗೂ ಒಳ್ಳೆಯದು. ಆಗುತ್ತದೆ ಅನಿಸಿದರೆ ತಡಮಾಡಬೇಡಿ. ಮಗುವಿಗೆ ಹದಿನೆಂಟು ತುಂಬಿದ ದಿನ ಬಾಲನ್ಯಾಯ ಕಾಯ್ದೆಯ ದತ್ತುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ.